ಕಪಿಲೆಯ ಲೆಕ್ಕ

1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬೀಳುವ ಮುನ್ನ ಬೈರಸಂದ್ರ, ಯಡಿಯೂರುಗಳು ಹಳ್ಳಿಗಳಾಗಿದ್ದುವು. ಬೆಂಗಳೂರು ಸೀಮೆಯ ಇಂಥ ಹಳ್ಳಿಗಳ ತೋಟಗಳಿಗೆ ಬಾವಿಯ ನೀರೆತ್ತುತ್ತಿದ್ದುದು ಏತ, ಇಲ್ಲವೆ ಕಪಿಲೆ. 1800ರಲ್ಲಿ ಮೈಸೂರು ದೇಶವನ್ನು ಸುತ್ತಿದ ಬುಕಾನನ್ ಎರಡನ್ನೂ ಕಂಡು ಬರೆದಿದ್ದಾನೆ.

ಏತವು ಬರಿಯ ಸನ್ನೆಗೋಲು. ಕಪಿಲೆಯ ಜಾಣ್ಮೆ ಬೇರೆ. ರಾಟೆಯ ಮೇಲೆ ಹಾಯ್ದ ಹಗ್ಗದ ಒಂದು ತುದಿಗೆ ತೊಗಲಿನ ಬಾನಿ, ಇನ್ನೊಂದಕ್ಕೆ ಜೋಡಿ ಎತ್ತು. ರಾಟೆಯು ಬಲವನ್ನು ಹೆಚ್ಚಿಸದು, ದಿಕ್ಕನ್ನಷ್ಟೆ ತಿರುಗಿಸುತ್ತದೆ. ಉಪಾಯವೆಲ್ಲ ಎತ್ತು ನಡೆಯುವ ಇಳಿಜಾರಿನಲ್ಲಿ. ಐದು ಮಾರು ನಡೆದರೆ ಒಂದು ಮಾರು ಇಳಿಯುವ ದಾರಿ, ಎತ್ತುಗಳ ತೂಕ 600 ಕಿಲೊ ಎಂದಿಟ್ಟುಕೊಳ್ಳೋಣ. ಘರ್ಷಣೆಯನ್ನು ಬಿಟ್ಟರೆ, ಅವುಗಳ ಮೈಭಾರವೊಂದೇ 120 ಕಿಲೊ ತೂಗುವ ತುಂಬಿದ ಬಾನಿಗೆ ಸರಿದೂಗುತ್ತದೆ!

ಆದರೆ ಇಳಿಜಾರು ಕೊಟ್ಟದ್ದು ಕೈಗಡ. ಬಾನಿ 10 ಮೀಟರು ಮೇಲೇರುವಷ್ಟರಲ್ಲಿ ಎತ್ತುಗಳು 2 ಮೀಟರು ಕೆಳಗಿಳಿದಿರುತ್ತವೆ. 120ನ್ನು 10ರಿಂದ ಗುಣಿಸಿ, 600ನ್ನು 2ರಿಂದ ಗುಣಿಸಿ, ಎರಡೂ 1200. ಹಿಂದಿರುಗಿ ಏರುವಾಗ ಆ ಕೆಲಸವಷ್ಟನ್ನೂ ಎತ್ತು ತೀರಿಸಲೇಬೇಕು. ನೋಡುವವನ ಕಣ್ಣೆಲ್ಲ ಮೇಲೆ ಬಂದು ಸುರಿಯುವ ನೀರಿನ ಮೇಲೆ. ಎತ್ತಿಗೆ ಏದುಸಿರು ಬರುತ್ತಿದ್ದುದು ಬರಿದಾದ ಬಾನಿ ಬಾವಿಗಿಳಿಯುವ ಹೊತ್ತಿನಲ್ಲಿ. ಸಂಸ್ಕೃತದಲ್ಲಿ ಕಪಿಲೆಯೆಂದರೆ ಹಸು. ಇಲ್ಲಿ ದುಡಿದದ್ದು ಮಾತ್ರ ಎತ್ತು.

ಈಗ ಜಯನಗರದ ಕೊಳಾಯಿಗೆ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಬರುತ್ತದೆ. ದಾರಿಯಲ್ಲಿ ಅದನ್ನು ಮೂರು ಹಂತಗಳಲ್ಲಿ ಸುಮಾರು 500 ಮೀಟರು ಎತ್ತಬೇಕು. ಒಂದು ಬಿಂದಿಗೆ ನೀರಿಗೆ, ಅಂದರೆ ಹದಿನೈದು ಲೀಟರಿಗೆ, ಎಷ್ಟು ಕೆಲಸವಾಯಿತೆಂಬುದನ್ನು ಮನೆಯ ಮಕ್ಕಳು ಗುಣಿಸಿ ನೋಡಲಿ. ಕಪಿಲೆಯ ಎತ್ತುಗಳು ಅಷ್ಟಕ್ಕೆ ಆರು ಸಲಕ್ಕಿಂತ ಹೆಚ್ಚು ಏರಿಳಿಯಬೇಕಾಗುತ್ತಿತ್ತು.