ಅಂಟದ ಕಾವಲಿಯ ಹಿಂದಿನ ಊರುಗಳು

ನಮ್ಮ ಮನೆಗಳಲ್ಲಿ ಪತ್ತಿರ್ ಸುಡಲು ಮೊದಲು ಮಣ್ಣಿನ ಓಡು ಇತ್ತು, ಆಮೇಲೆ ಬೀಡಿನ ಕಾವಲಿ ಬಂತು. ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಪೆಟ್ಟಿಗೆಯಲ್ಲಿ ತಂದ ಸಾಮಾನುಗಳ ಜೊತೆ ಕಪ್ಪಗೆ ಮಿನುಗುವ, ಹಿಟ್ಟು ಅಂಟದ ಕಾವಲಿಯೂ ಅಡುಗೆಮನೆ ಸೇರಿತು. ಈಗ ಅದರ ಕಪ್ಪು ಲೇಪ ಎದ್ದಾಗ ಉಮ್ಮಂದಿರು ಕೇಳುವ ಪ್ರಶ್ನೆ ಒಂದೇ: ‘ಇದು ಹೊಟ್ಟೆಗೆ ಹೋದರೆ ಏನಾದರೂ ಆಗುತ್ತದಾ?’

ಪ್ರಶ್ನೆ ಸರಿಯಾದದ್ದೇ. ಆದರೆ ಈ ಲೇಪದ ಚರಿತ್ರೆ ನೋಡಿದರೆ, ಹೆಚ್ಚು ಪೆಟ್ಟು ತಿಂದದ್ದು ಅದರಲ್ಲಿ ಅಡುಗೆ ಮಾಡಿದ ಮನೆಗಳಲ್ಲ, ಅದಕ್ಕೆ ಬೇಕಾದ ರಾಸಾಯನಿಕ ತಯಾರಾದ ಊರುಗಳು. ಆ ಚರಿತ್ರೆಯ ಒಂದು ತುದಿ ಈಗ ಸಾಂಗ್ಲಿ ಜಿಲ್ಲೆಯ ಪಕ್ಕಕ್ಕೇ ಬಂದು ನಿಂತಿದೆ.

1938ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಡುಪಾಂಟ್ ಕಂಪೆನಿಯ ರಸಾಯನ ಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಫ್ರಿಜ್ಜಿಗೆ ಬೇಕಾದ ಅನಿಲವನ್ನು ಹುಡುಕುತ್ತಿದ್ದರು. ಸಿಲಿಂಡರಿನಿಂದ ಅನಿಲ ಬರಲಿಲ್ಲ. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ಅದೇ ಪಿಟಿಎಫ್‌ಇ ಎಂಬ ಪಾಲಿಮರ್, ಟೆಫ್ಲಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು. 1954ರಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಅಲ್ಯೂಮಿನಿಯಂ ಪಾತ್ರೆಗೆ ಹಿಡಿಸಿದರು; ಟೆಫಾಲ್ ಕಂಪೆನಿ ಹುಟ್ಟಿತು.

ಈಗ ಉಮ್ಮಂದಿರ ಪ್ರಶ್ನೆಗೆ ಉತ್ತರ. ಈ ಪಾಲಿಮರ್ ಜಡ ವಸ್ತು. ಚೂರು ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹೊರಗೆ ಹೋಗುತ್ತದೆ. ಅಪಾಯ ಇರುವುದು ಅತಿಯಾದ ಬಿಸಿಯಲ್ಲಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪ ಹಾಳಾಗತೊಡಗುತ್ತದೆ. 350 ದಾಟಿದರೆ ಒಡೆದು ವಿಷಾನಿಲ ಬಿಡುತ್ತದೆ. ಆ ಹೊಗೆಗೆ ಜ್ವರ, ಮೈಕೈ ನೋವು ಬರುವುದುಂಟು. ಪಂಜರದ ಗಿಳಿ ಸತ್ತೇ ಹೋಗಬಹುದು. ಆದ್ದರಿಂದ ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಇಡಬಾರದು. ಲೇಪ ಕಿತ್ತು ಹೋದದ್ದನ್ನು ಬದಲಾಯಿಸುವುದೇ ಒಳ್ಳೆಯದು.

ಆದರೆ ಟೆಫ್ಲಾನ್ ತಯಾರಿಸುವಾಗ ಇನ್ನೊಂದು ವಸ್ತು ಬೇಕಾಗುತ್ತಿತ್ತು: ಪಿಎಫ್‌ಒಎ, ಅಥವಾ ಸಿ8. 1951ರಿಂದ ಡುಪಾಂಟ್ ಅದನ್ನು ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಕಾರ್ಖಾನೆಯಲ್ಲಿ ಬಳಸಿತು. ಕಾವಲಿಯಲ್ಲಿ ಅದು ಉಳಿಯುವುದು ತೀರಾ ಅತ್ಯಲ್ಪ. ಕಾರ್ಖಾನೆಯಿಂದ ಮಾತ್ರ ಅದು ಓಹಿಯೊ ನದಿಗೆ, ಗಾಳಿಗೆ, ಕಸದ ಗುಂಡಿಗೆ ಹೋಯಿತು. ಮಣ್ಣಿನಲ್ಲಿ ಕೊಳೆಯದ, ರಕ್ತದಲ್ಲಿ ವರ್ಷಗಟ್ಟಲೆ ಉಳಿಯುವ ವಸ್ತು ಅದು. ಪಕ್ಕದ ರೈತ ವಿಲ್ಬರ್ ಟೆನೆಂಟ್ ಅವರ ದನಗಳು ಒಂದೊಂದಾಗಿ ಸತ್ತವು. 1999ರಲ್ಲಿ ವಕೀಲ ರಾಬ್ ಬಿಲಾಟ್ ಅವರ ಪರ ದಾವೆ ಹೂಡಿದರು. ಆಮೇಲೆ ಊರವರೆಲ್ಲರ ಪರವಾದ ದಾವೆ 2004ರಲ್ಲಿ ರಾಜಿಯಾದಾಗ, ಆ ಹಣದಿಂದ ಸುಮಾರು 69,000 ಜನರ ರಕ್ತ ಪರೀಕ್ಷೆ ನಡೆಯಿತು. ವಿಜ್ಞಾನಿಗಳ ಸಮಿತಿ ವರ್ಷಗಟ್ಟಲೆ ಅಧ್ಯಯನ ಮಾಡಿ ಆರು ತೊಂದರೆಗಳಿಗೂ ಸಿ8ಗೂ ಸಂಬಂಧ ಇರುವ ಸಂಭವವಿದೆ ಎಂದಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ರೋಗ, ಕರುಳಿನ ಹುಣ್ಣು, ಬಸಿರಿಯರ ರಕ್ತದೊತ್ತಡ, ಹೆಚ್ಚಿದ ಕೊಲೆಸ್ಟ್ರಾಲ್. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ಜಗತ್ತು ಪಿಎಫ್‌ಒಎಯನ್ನು ಕೈಬಿಡಲು ಒಪ್ಪಿತು. 2023ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಇಂದು ಅಂಗಡಿಯ ಡಬ್ಬಿಯ ಮೇಲೆ ‘ಪಿಎಫ್‌ಒಎ ಇಲ್ಲ’ ಎಂದು ಇರುತ್ತದೆ. ಆ ಒಂದು ವಸ್ತು ಇಲ್ಲ ಎಂದಷ್ಟೇ ಅದರ ಅರ್ಥ. ಅದರ ಜಾಗಕ್ಕೆ ಬಂದ ಜೆನ್‌ಎಕ್ಸ್ ಎಂಬುದು ಉತ್ತರ ಕೆರೊಲಿನಾದ ಕೇಪ್ ಫಿಯರ್ ನದಿಯ ನೀರಿನಲ್ಲಿ ಇದೆ ಎಂಬುದು 2017ರಲ್ಲಿ ಅಲ್ಲಿನ ಜನರಿಗೆ ಗೊತ್ತಾಯಿತು.

ಪಿಎಫ್‌ಒಎ ಮತ್ತು ಅದೇ ಕುಲದ ರಾಸಾಯನಿಕಗಳನ್ನು ಇಟಲಿಯಲ್ಲಿ ತಯಾರಿಸುತ್ತಿದ್ದದ್ದು ವಿಚೆಂಜಾ ಬಳಿಯ ಟ್ರಿಸಿನೊ ಊರಿನ ಮಿಟೆನಿ ಕಾರ್ಖಾನೆ. ಅಂತರ್ಜಲ ಕೆಟ್ಟಿದೆ ಎಂಬುದು 2013ರಲ್ಲಿ ಬಯಲಾಯಿತು. ಸುಮಾರು 3.5 ಲಕ್ಷ ಜನರ ನೀರಿನ ಪ್ರಶ್ನೆ ಅದು. ಮಕ್ಕಳ ರಕ್ತದಲ್ಲಿ ಆ ವಸ್ತು ಇದೆ ಎಂದು ತಿಳಿದ ತಾಯಂದಿರೇ ಸಂಘ ಕಟ್ಟಿ ಬೀದಿಗಿಳಿದರು. 2018ರಲ್ಲಿ ಕಂಪೆನಿ ದಿವಾಳಿಯಾಯಿತು. 2025ರ ಜೂನ್‌ನಲ್ಲಿ ವಿಚೆಂಜಾ ನ್ಯಾಯಾಲಯ 11 ಜನರಿಗೆ ಒಟ್ಟು 141 ವರ್ಷಗಳ ಶಿಕ್ಷೆ ವಿಧಿಸಿತು.

ಕಾರ್ಖಾನೆ ಮುಚ್ಚಿದರೂ ಅದರ ಯಂತ್ರಗಳು ಗುಜರಿಗೆ ಹೋಗಲಿಲ್ಲ. 2019ರಲ್ಲಿ ಮಹಾರಾಷ್ಟ್ರದ ಲಕ್ಷ್ಮಿ ಆರ್ಗ್ಯಾನಿಕ್ ಇಂಡಸ್ಟ್ರೀಸ್‌ನ ಅಂಗಸಂಸ್ಥೆಯೊಂದು ಮಿಟೆನಿಯ ಆಸ್ತಿಯನ್ನು ಕೊಂಡಿತು; ಯಂತ್ರಗಳು ಹಡಗೇರಿ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶಕ್ಕೆ ಬಂದವು. ಫ್ಲೋರಿನ್ ರಾಸಾಯನಿಕಗಳಲ್ಲಿ ನೂರಾರು ಬಗೆ. ಔಷಧಿಗೂ ಕೀಟನಾಶಕಕ್ಕೂ ಅವು ಬೇಕು. ಟ್ರಿಸಿನೊದಲ್ಲಿ ಆದದ್ದು ಲೋಟೆಯಲ್ಲೂ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆಗದಂತೆ ನೋಡುವವರು ಯಾರು ಎಂಬುದು ನನ್ನ ಪ್ರಶ್ನೆ.

ಸಾಂಗ್ಲಿ ಜಿಲ್ಲೆಯ ಪಶ್ಚಿಮದ ಅಂಚು ರತ್ನಾಗಿರಿಗೆ ತಾಗಿಕೊಂಡಿದೆ. ಮಳೆಗಾಲದಲ್ಲಿ ಸಾಂಗ್ಲಿಯವರ ಬಾಯಲ್ಲಿ ಒಂದೇ ಮಾತು: ಕೊಯ್ನಾದಿಂದ ಎಷ್ಟು ನೀರು ಬಿಟ್ಟರು? 2005 ಮತ್ತು 2019ರ ನೆರೆ ಕಂಡವರು ಅವರು. ಅದೇ ಕೊಯ್ನಾದ ನೀರಿನ ಒಂದು ಪಾಲು ಸುರಂಗದಲ್ಲಿ ಪಶ್ಚಿಮಕ್ಕೆ ಇಳಿದು, ವಿದ್ಯುತ್ ಕೊಟ್ಟು, ವಾಶಿಷ್ಠಿ ನದಿ ಸೇರುತ್ತದೆ. ಲೋಟೆಯ ಕೈಗಾರಿಕೆಗಳ ತ್ಯಾಜ್ಯ ನೀರು ಹೋಗುವುದೂ ವಾಶಿಷ್ಠಿ ಸಮುದ್ರ ಸೇರುವ ದಾಭೋಳ ಅಳಿವೆಗೆ. ಅಲ್ಲಿನ ಮೀನುಗಾರರ ದೂರು ಇಟಲಿಯ ಯಂತ್ರಗಳು ಬರುವುದಕ್ಕೆ ಮೊದಲಿನದು. ಸಹ್ಯಾದ್ರಿ ಅಡ್ಡ ಇರುವುದರಿಂದ ಆ ನೀರು ಸಾಂಗ್ಲಿಗೆ ಬರುವುದಿಲ್ಲ. ಅದು ಸೇರುವುದು ಅರಬ್ಬಿ ಸಮುದ್ರವನ್ನು, ನಮ್ಮ ಮಂಗಳೂರಿನ ಕಡಲನ್ನೇ.

ಮಿರಜ್ ಎಂದರೆ ಆಸ್ಪತ್ರೆಗಳ ಊರು. ಡಾಕ್ಟರ್ ವಾನ್ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ಮರಾಠಿ ಸೀಮೆಯವರೂ ಕನ್ನಡ ಸೀಮೆಯವರೂ ಕಾಯಿಲೆ ಹೊತ್ತು ಅಲ್ಲಿಗೆ ಹೋಗುತ್ತಿದ್ದಾರೆ. ಆದರೆ ಎಷ್ಟು ಒಳ್ಳೆಯ ಡಾಕ್ಟರಾದರೂ ನೋಡುವುದು ಎದುರಿಗಿರುವ ಒಬ್ಬ ರೋಗಿಯನ್ನು. ಥೈರಾಯ್ಡಿಗೆ ಮಾತ್ರೆ ಬರೆಯಬಹುದು, ಅದು ಬಾವಿಯ ನೀರಿನಿಂದ ಬಂತೋ ಎಂದು ಹೇಳಲಾಗದು. ಪಾರ್ಕರ್ಸ್‌ಬರ್ಗಿನಲ್ಲಿ ಸತ್ಯ ಹೊರಬರಲು 69,000 ಜನರ ರಕ್ತ ಬೇಕಾಯಿತು, ಅದೂ ದಶಕಗಳ ನಂತರ. ಕೊಂಕಣದಲ್ಲಿ ಆ ಲೆಕ್ಕವನ್ನು ಮೊದಲೇ ಇಡಬಹುದು: ಈಗಿನ ನೀರು, ಮೀನು, ಜನರ ರಕ್ತ ಪರೀಕ್ಷಿಸಿ ದಾಖಲೆ ಮಾಡಿ, ವರ್ಷವರ್ಷ ಹೋಲಿಸಿ, ಊರವರಿಗೆ ಅವರ ಭಾಷೆಯಲ್ಲಿ ತಿಳಿಸಿದರೆ ಸಾಕು.

ನೆರೆಯವನ ಹಕ್ಕಿನ ಬಗ್ಗೆ ನಾವು ಮದ್ರಸದಲ್ಲೇ ಕಲಿತವರು. ಕಾವಲಿಯ ಲೇಪ ಎದ್ದರೆ ನಾವು ಹೊಸದು ಕೊಳ್ಳುತ್ತೇವೆ, ಇಲ್ಲವೇ ಬೀಡಿನ ಕಾವಲಿಗೆ ಮರಳುತ್ತೇವೆ. ಕಾರ್ಖಾನೆಯ ಪಕ್ಕದಲ್ಲಿರುವವನಿಗೆ ಬಾವಿ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಕಾವಲಿ ಸುರಕ್ಷಿತವೇ ಎಂದು ಕೇಳುವಾಗ, ಅದು ಎಲ್ಲಿ ತಯಾರಾಯಿತು, ಅಲ್ಲಿಯ ನೀರು ಹೇಗಿದೆ ಎಂದೂ ಕೇಳೋಣ.