ಹೋಗಿಬರಲು ಒಂದು ನೆಪ

ಶುಕ್ರವಾರ ಮಧ್ಯಾಹ್ನ ಆಫೀಸಿನ ಕಾಫಿ ಮಷೀನಿನ ಮುಂದೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ವೀಕೆಂಡ್ ಏನ್ ಪ್ಲಾನು?” ಉತ್ತರ ಏನೇ ಇರಲಿ, ಈ ಪ್ರಶ್ನೆಗೂ ಒಂದು ವಯಸ್ಸಿದೆ ಅಂತ ನಾವು ಯೋಚಿಸುವುದಿಲ್ಲ. ದುಡಿಯುವ ಜನ ಒಬ್ಬರನ್ನೊಬ್ಬರು ಹೀಗೆ ಕೇಳಬೇಕಾದರೆ ಮೊದಲು ಅವರಿಗೆ ಒಂದು ರಜೆ ಇರಬೇಕು. ಆಮೇಲೆ ಕೈಗೆಟುಕುವ ಟಿಕೆಟ್ ಇರಬೇಕು. ಇವೆರಡೂ ಇದ್ದರೂ ಸಾಲದು, ‘ಯಾಕೆ ಹೋಗ್ತಿದ್ದೀಯ?’ ಅಂತ ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಒಂದು ನೆಪವೂ ಬೇಕು. ರಜೆ ಮತ್ತು ಟಿಕೆಟ್ಟಿನ ಚರಿತ್ರೆ ಪುಸ್ತಕಗಳಲ್ಲಿ ಸಿಗುತ್ತದೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ನೆಪದ ಚರಿತ್ರೆ.

ನಮ್ಮ ಹಿರಿಯರು ಊರು ಬಿಟ್ಟು ಕದಲುತ್ತಲೇ ಇರಲಿಲ್ಲ ಅಂತೇನಿಲ್ಲ. ಗಾಡಿ ಕಟ್ಟಿಕೊಂಡು, ಬುತ್ತಿ ಗಂಟು ಹಾಕಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ತೇರು ಎಳೆದು, ಬಳೆ ಇಡಿಸಿಕೊಂಡು, ಬೆಂಡು ಬತ್ತಾಸು ತಿಂದು, ರಾತ್ರಿಯೆಲ್ಲಾ ಆಟ ನೋಡಿ, ಹೊಳೆಯಲ್ಲೋ ಕಲ್ಯಾಣಿಯಲ್ಲೋ ಮಿಂದು ವಾಪಸ್ಸು. ಇವತ್ತಿನ ಲೆಕ್ಕದಲ್ಲಿ ಅದು ಅಪ್ಪಟ ಎರಡು ದಿನದ ಟ್ರಿಪ್ಪು. ಆದರೆ ಹಾಗೆ ಕರೆಯುವಂತಿರಲಿಲ್ಲ. ಹರಕೆ ಇತ್ತು, ಮುಡಿ ಕೊಡಬೇಕಿತ್ತು, ಮನೆದೇವರು ಕನಸಿನಲ್ಲಿ ಬಂದಿದ್ದ, ಅದಕ್ಕೇ ಹೊರಟಿದ್ದು! ಭಕ್ತಿ ಸುಳ್ಳಲ್ಲ. ಆದರೆ ಆ ಭಕ್ತಿಯ ಬೆನ್ನಿಗೆ ಕೂತು ಖುಷಿಯೂ ಸವಾರಿ ಮಾಡುತ್ತಿತ್ತು. ಅದರಲ್ಲೂ ಹೆಂಗಸರಿಗೆ ದೇವರು ಬರೆದುಕೊಟ್ಟ ರಜೆ ಚೀಟಿ ಬಿಟ್ಟರೆ ಬೇರೆ ಚೀಟಿ ಚಾಲ್ತಿಯಲ್ಲಿರಲಿಲ್ಲ.

ಇಂಗ್ಲೆಂಡಿನ ಕಥೆಯೂ ಬೇರೆಯಲ್ಲ. 1841ರ ಜುಲೈ 5ರಂದು ಲೆಸ್ಟರ್ ಊರಿನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ಹೊತ್ತ ಒಂದು ವಿಶೇಷ ರೈಲು ಹೊರಟಿತು. ದೂರ ಹದಿನೆಂಟು ಕಿಲೋಮೀಟರ್ ಆಸುಪಾಸು. ಹೋಗಿಬರಲು ತಲೆಗೆ ಒಂದು ಶಿಲ್ಲಿಂಗ್. ಇದನ್ನು ಏರ್ಪಾಡು ಮಾಡಿದ್ದು ಮರಗೆಲಸ ಬಲ್ಲ, ಧರ್ಮಪ್ರಚಾರವನ್ನೂ ಮಾಡಿದ್ದ 32 ವರ್ಷದ ಥಾಮಸ್ ಕುಕ್. ಮುಂದೆ ಇವನ ಹೆಸರಿನ ಕಂಪನಿ ಜಗತ್ತಿಗೇ ಪ್ರವಾಸ ಮಾರಿತು. ಆದರೆ ಅವತ್ತು ಯಾರೂ ‘ಪ್ರವಾಸ’ಕ್ಕೆ ಹೋಗಿರಲಿಲ್ಲ! ಅದು ಮದ್ಯಪಾನ ವಿರೋಧಿ ಸಭೆ. ಕುಡಿತ ಬಿಡಿ ಎಂಬ ಭಾಷಣ ಕೇಳಲು ಹೊರಟ ಸಜ್ಜನರ ಗುಂಪು ಅದು. ಭಾಷಣದ ಜೊತೆಗೆ ಬ್ಯಾಂಡಿತ್ತು, ಟೀ ಇತ್ತು, ಬಯಲಿನಲ್ಲಿ ಆಟವೂ ಇತ್ತು. ನಮ್ಮಲ್ಲಿ ಹರಕೆ, ಅಲ್ಲಿ ಸಂಯಮ. ನೆಪ ಬೇರೆ, ಸವಾರಿ ಅದೇ.

ಆ ಕಾಲದ ಮೂರನೇ ದರ್ಜೆ ಅಂದರೆ ಹಲವು ಕಡೆ ಮೇಲ್ಛಾವಣಿಯೇ ಇಲ್ಲದ, ಸರಕು ಸಾಗಿಸುವಂಥ ತೆರೆದ ಬಂಡಿ. 1844ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ತಂದಿತು. ಪ್ರತಿ ಮಾರ್ಗದಲ್ಲೂ ದಿನಕ್ಕೆ ಕನಿಷ್ಠ ಒಂದು ರೈಲು, ಮೈಲಿಗೆ ಒಂದು ಪೆನ್ನಿ ದರದಲ್ಲಿ, ಬಡವರನ್ನು ಮಳೆ ಗಾಳಿ ತಾಗದ ಡಬ್ಬಿಯಲ್ಲಿ ಕೂರಿಸಿಕೊಂಡು ಹೋಗಬೇಕು ಅಂತ. ಹೀಗೆ ಅಗ್ಗದ ಟಿಕೆಟ್ ಎನ್ನುವುದು ಕಂಪನಿಗಳ ಔದಾರ್ಯ ಆಗಿ ಉಳಿಯಲಿಲ್ಲ, ಕಾನೂನಾಯಿತು.

ಅದೇ ವರ್ಷ ಇನ್ನೊಂದು ತಮಾಷೆ ನಡೆಯಿತು. ಲೇಕ್ ಡಿಸ್ಟ್ರಿಕ್ಟ್ ಎಂಬ ಸುಂದರ ಸರೋವರಗಳ ಸೀಮೆಗೆ ರೈಲು ಹಾಕುವ ಯೋಜನೆ ಬಂದಾಗ ಅದನ್ನು ಗಟ್ಟಿ ದನಿಯಲ್ಲಿ ವಿರೋಧಿಸಿದವರು ಮಹಾಕವಿ ವರ್ಡ್ಸ್‌ವರ್ತ್. ನಿಸರ್ಗದ ಮಡಿಲು, ಹೂವು, ಮೋಡ ಅಂತ ನಮಗೆಲ್ಲಾ ಪಠ್ಯದಲ್ಲಿ ಪರಿಚಯವಾದ ಅದೇ ಕವಿ. ಅವರ ವಾದದ ತಿರುಳು ಇಷ್ಟು: ಪ್ರಕೃತಿಯನ್ನು ಸವಿಯುವ ಅಭಿರುಚಿ ನಿಧಾನಕ್ಕೆ ಬೆಳೆಯುವಂಥದ್ದು, ಕಾರ್ಖಾನೆಯ ಕೂಲಿಗಳನ್ನು ಗುಂಪುಗುಂಪಾಗಿ ತಂದು ಇಳಿಸಿದರೆ ಅವರಿಗೂ ಲಾಭವಿಲ್ಲ, ಜಾಗವೂ ಕೆಡುತ್ತದೆ, ಅವರು ತಮ್ಮ ಊರಿನ ಆಸುಪಾಸಿನ ಹೊಲಗಳಲ್ಲೇ ಅಡ್ಡಾಡಿಕೊಂಡಿರಲಿ. ವಿಚಿತ್ರ ಅಂದರೆ ಆ ಸೀಮೆಗೆ ಪ್ರವಾಸಿ ಕೈಪಿಡಿ ಬರೆದವರೂ ಅವರೇ! 1847ರಲ್ಲಿ ರೈಲು ವಿಂಡರ್‌ಮಿಯರ್ ಮುಟ್ಟಿತು. ಕೂಲಿಕಾರರು ಬಂದರು, ಸರೋವರವನ್ನೂ ನೋಡಿದರು.

ಇನ್ನು ರಜೆಯ ಮಾತು. ಭಾನುವಾರ ಎಂಬುದು ಇಂಗ್ಲಿಷರು ಬರುವಾಗ ಪೆಟ್ಟಿಗೆಯಲ್ಲಿ ತಂದು ಎಲ್ಲರಿಗೂ ಹಂಚಿದ ವಸ್ತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಕಚೇರಿಗಳಿಗೆ ಹಂಚಿದ್ದು ನಿಜ, ಮುಂಬಯಿಯ ಬಟ್ಟೆ ಮಿಲ್ಲುಗಳಿಗೆ ಹಂಚಲಿಲ್ಲ. ಅಲ್ಲಿ ಬೆಳಕು ಮೂಡಿದಾಗ ಒಳಹೋದವರು ಕತ್ತಲಾದಾಗ ಹೊರಬರುತ್ತಿದ್ದರು. ವಾರದ ರಜೆ ಅಂತ ಖಾತ್ರಿಯೇ ಇರಲಿಲ್ಲ. ಮಹಾತ್ಮ ಜೋತಿಬಾ ಫುಲೆಯವರ ಒಡನಾಡಿ, ‘ದೀನಬಂಧು’ ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಐದು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಸಹಿಯೊಂದಿಗೆ ಮನವಿ ಕೊಟ್ಟರು. ಬೇಡಿಕೆಗಳಲ್ಲಿ ಮುಖ್ಯವಾದದ್ದು ಭಾನುವಾರದ ರಜೆ. 1890ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ಹತ್ತು ಸಾವಿರ ಕಾರ್ಮಿಕರ ಸಭೆ ಸೇರಿತು. ಅಲ್ಲಿ ಇಬ್ಬರು ಹೆಣ್ಣುಮಕ್ಕಳೂ ಎದ್ದುನಿಂತು ಮಾತಾಡಿದರು. ಆ ಜೂನ್‌ನಲ್ಲಿ ಮಿಲ್ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಫ್ಯಾಕ್ಟರಿ ಕಾಯ್ದೆ ವಾರದ ರಜೆಯನ್ನು ಕಾನೂನು ಮಾಡಿತು.

ಭಾನುವಾರವೇ ಯಾಕೆ? ಅದು ಖಂಡೋಬನ ವಾರ, ನಮ್ಮ ಕಡೆಯ ಮೈಲಾರಲಿಂಗನ ವಾರ ಎಂಬ ಕಾರಣವನ್ನೂ ಆಗ ಮುಂದಿಟ್ಟಿದ್ದರು ಎಂದು ಹೇಳುತ್ತಾರೆ. ನೋಡಿ, ಇಲ್ಲಿಯೂ ದೇವರ ನೆಪ! ‘ನಮಗೆ ಸುಸ್ತಾಗಿದೆ, ಹೆಂಡತಿ ಮಕ್ಕಳ ಜೊತೆ ಒಂದು ದಿನ ಕಡಲ ತೀರದಲ್ಲಿ ಕೂತು ಬರಬೇಕು’ ಎಂದಿದ್ದರೆ ಯಾರು ಕೇಳುತ್ತಿದ್ದರು? ನಾಳೆ ಬೆಳಿಗ್ಗೆ ಅಲಾರಂ ಆಫ್ ಮಾಡಿ ಮಗ್ಗುಲು ಬದಲಿಸುವಾಗ ಲೋಖಂಡೆಯವರನ್ನು ಒಮ್ಮೆ ನೆನೆದರೆ ತಪ್ಪಿಲ್ಲ.

ಈಗ ನಮ್ಮ ನಂದಿಬೆಟ್ಟಕ್ಕೆ ಬರೋಣ. ಬೆಂಗಳೂರಿನವರಿಗೆ ‘ಎಲ್ಲಾದ್ರೂ ಹೋಗೋಣ’ ಎಂದರೆ ಮೊದಲು ನಾಲಿಗೆಗೆ ಬರುವ ಜಾಗ. 1478 ಮೀಟರ್ ಎತ್ತರದ ಈ ಬೆಟ್ಟ ಮೊದಲು ಕೋಟೆಯಾಗಿತ್ತು. ಹೈದರ್, ಟಿಪ್ಪು ಭದ್ರಪಡಿಸಿದ್ದ ಕೋಟೆಯನ್ನು 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿಯಿತು. ಆಮೇಲೆ ಅದು ಸಾಹೇಬರ ತಂಪುದಾಣವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯುತ್ತಿದ್ದ ಬಂಗಲೆ ಇವತ್ತಿಗೂ ಮೇಲಿದೆ. ನೀಲಗಿರಿ, ಸಿಮ್ಲಾಗಳ ಥರ ಇಲ್ಲೂ ನೆಪ ಒಂದೇ: ಆರೋಗ್ಯ. ಬಯಲಿನ ಸೆಖೆ ಯೂರೋಪಿಯನ್ನರ ದೇಹಕ್ಕೆ ಒಗ್ಗುವುದಿಲ್ಲ, ವೈದ್ಯರು ಹೇಳಿದ್ದಾರೆ, ಅದಕ್ಕೇ ಬೆಟ್ಟ. 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ಸುಧಾರಿಸಿಕೊಳ್ಳಲು ಕೆಲವು ವಾರ ಉಳಿದದ್ದೂ ಇದೇ ಬೆಟ್ಟದಲ್ಲಿ. ಅವರದು ನಿಜವಾದ ಕಾಯಿಲೆ ಬಿಡಿ!

ಬೆಟ್ಟದ ಬುಡದಲ್ಲಿ ಮಾತ್ರ ಕಥೆ ಬೇರೆ ಇತ್ತು. ಕೆಳಗೆ ನಂದಿ ಗ್ರಾಮದಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಭೋಗನಂದೀಶ್ವರನ ಗುಡಿ. ಶಿವರಾತ್ರಿಗೆ ಅಲ್ಲಿ ಜಾತ್ರೆ, ದನಗಳ ಪರಿಷೆ. ಅಂದರೆ ಮೇಲೆ ಸಾಹೇಬ ಆರೋಗ್ಯದ ನೆಪದಲ್ಲಿ, ಕೆಳಗೆ ರೈತ ದೇವರ ನೆಪದಲ್ಲಿ. 1915ರ ಹೊತ್ತಿಗೆ ಬೆಂಗಳೂರಿಂದ ಚಿಕ್ಕಬಳ್ಳಾಪುರಕ್ಕೆ ಪುಟ್ಟ ನ್ಯಾರೋಗೇಜ್ ರೈಲು ಬಂದಮೇಲೆ ನಡುವೆ ‘ನಂದಿ ಹಾಲ್ಟ್’ ಎಂಬ ಕಲ್ಲಿನ ಸ್ಟೇಷನ್ನು ಎದ್ದಿತು. ಆ ಹಳಿ ಈಗ ಅಗಲವಾಗಿದೆ, ಮೆಮು ರೈಲು ಓಡಾಡುತ್ತದೆ, ಸ್ಟೇಷನ್ನು ಇನ್ನೂ ಇದೆ. ಭಾನುವಾರ ಬೆಳಗಿನ ಜಾವ ಬೆಟ್ಟದ ರಸ್ತೆಯಲ್ಲಿ ಬೈಕು ಕಾರುಗಳ ಸಾಲಿನಲ್ಲಿ ಸಿಕ್ಕಿಕೊಂಡು ಸೂರ್ಯೋದಯ ತಪ್ಪಿಸಿಕೊಂಡವರಿಗೆ ಈ ಮಾಹಿತಿ ಉಪಯೋಗಕ್ಕೆ ಬಂದೀತು.

ನಾಡಿನ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ತಿರುವು ಬೃಂದಾವನ. ಕನ್ನಂಬಾಡಿ ಕಟ್ಟೆಗೆ ಬೇಕಾದಷ್ಟು ಕಾರಣಗಳಿದ್ದವು: ಮಂಡ್ಯದ ಗದ್ದೆಗಳಿಗೆ ನೀರು, ಶಿವನಸಮುದ್ರದ ವಿದ್ಯುತ್ತಿಗೆ ಹರಿವು. 1911ರಲ್ಲಿ ಶುರುವಾದ ಕೆಲಸ ಎರಡು ದಶಕ ನಡೆಯಿತು. ಆದರೆ ಕಟ್ಟೆಯ ಕೆಳಗಿನ ತೋಟಕ್ಕೆ ಯಾವ ಕಾರಣವೂ ಬೇಕಿರಲಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1932ರ ಹೊತ್ತಿಗೆ, ಕಾಶ್ಮೀರದ ಶಾಲಿಮಾರ್ ಮಾದರಿಯ ಮೆಟ್ಟಿಲು ತೋಟ, ಕಾರಂಜಿ, ಬಣ್ಣದ ದೀಪ ಎಲ್ಲ ಸಿದ್ಧವಾದವು. ಜನ ಬಂದು ನೋಡಿ ಕಣ್ಣರಳಿಸಲಿ ಎಂಬುದಷ್ಟೇ ಅದರ ಉಪಯೋಗ. ಒಂದು ಸರ್ಕಾರ ಖುಷಿಯನ್ನೂ ನೀರು ಕರೆಂಟಿನಂತೆ ಪ್ರಜೆಗಳಿಗೆ ಒದಗಿಸಬೇಕಾದ್ದು ಅಂತ ತಿಳಿದಿತ್ತಲ್ಲ! ಆದರೂ ನಮ್ಮಲ್ಲಿ ಬಹಳ ಮಂದಿ ಅದನ್ನು ಮೊದಲು ನೋಡಿದ್ದು ಕೆಂಪು ಬಸ್ಸಿನಲ್ಲಿ, ಮೇಷ್ಟ್ರ ಕಾವಲಲ್ಲಿ, ‘ಶೈಕ್ಷಣಿಕ ಪ್ರವಾಸ’ ಎಂಬ ಹೆಸರಲ್ಲಿ. ಶಿಕ್ಷಣವೂ ಒಂದು ಒಳ್ಳೆಯ ನೆಪವೇ.

ಇಷ್ಟೆಲ್ಲ ಚರಿತ್ರೆ ನನಗೆ ಅರ್ಥವಾದದ್ದು ನನ್ನ ಅಮ್ಮನಿಂದ. ಅಮ್ಮ ಇರುವುದು ಅರಸೀಕೆರೆಯಲ್ಲಿ. ಹಳೇಬೀಡಿಗೆ ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ. ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ನೋಡುವ ಗುಡಿಯನ್ನು ಅಮ್ಮ 59 ವರ್ಷದಲ್ಲಿ ನೋಡಿದ್ದು ಒಂದೇ ಸಲ, ಅದೂ ನೆಂಟರ ಮದುವೆಗೆ ಹೋದಾಗ ಓಡೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಮುಂದಿನ ತಿಂಗಳೇ ಅಮ್ಮ ಬೀದಿಯ ಮೂವರು ಗೆಳತಿಯರ ಜೊತೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹಳೇಬೀಡಿಗೆ ಹೋದಳು. ರಾತ್ರಿ ಫೋನಿನಲ್ಲಿ ನಾನು ಶಿಲ್ಪದ ಬಗ್ಗೆ ಕೇಳಿದೆ. ಅವಳು ಹೇಳಿದ್ದು: “ಚೆನ್ನಾಗಿತ್ತು. ಆದ್ರೆ ಹುಲ್ಲಿನ ಮೇಲೆ ಕೂತಿದ್ವಲ್ಲ, ಅದು ಇನ್ನೂ ಚೆನ್ನಾಗಿತ್ತು ಕಣೋ. ಎರಡು ಗಂಟೆ ಯಾರೂ ಕಾಫಿ ಕೇಳಲಿಲ್ಲ.”

ಬಸ್ಸಿನ ದುಡ್ಡು ಅವಳಿಗೆ ಯಾವತ್ತೂ ದೊಡ್ಡ ವಿಷಯ ಆಗಿರಲಿಲ್ಲ. ಮತ್ಯಾಕೆ ಇಷ್ಟು ವರ್ಷ ಹೋಗಲಿಲ್ಲ ಅಂತ ಕೇಳಿದೆ. “ಯಾಕೆ ಹೋಗ್ತೀಯ ಅಂತ ನಿಮ್ಮಪ್ಪ ಕೇಳಿದ್ರೆ ಏನಂತ ಹೇಳ್ಲಿ? ಈಗಾದ್ರೆ ಫ್ರೀ ಇದೆ, ಅದಕ್ಕೆ ಅನ್ನಬಹುದು.”

ಅದೇ ದಿನಗಳಲ್ಲಿ ನನ್ನ ಫೋನಿಗೆ ಜೋಕುಗಳು ಬಂದು ಬೀಳುತ್ತಿದ್ದವು. ಹೆಂಗಸರು ಮನೆಮಠ ಬಿಟ್ಟು ಊರೂರು ಸುತ್ತುತ್ತಿದ್ದಾರೆ, ಗಂಡಂದಿರು ಅಡುಗೆ ಕಲಿಯಿರಿ, ದೇವಸ್ಥಾನಗಳಲ್ಲಿ ನಿಲ್ಲಲು ಜಾಗವಿಲ್ಲ ಇತ್ಯಾದಿ. ಯೋಜನೆಯ ಖರ್ಚು ವೆಚ್ಚದ ಬಗ್ಗೆ ಚರ್ಚೆ ಆಗಲಿ, ಆಗಬೇಕಾದ್ದೇ. ಬಸ್ಸು ಸಾಲದು ಎಂಬ ದೂರೂ ನ್ಯಾಯವಾದದ್ದೇ. ಆದರೆ ಆ ಜೋಕುಗಳ ಕೋಪ ಖರ್ಚಿನ ಮೇಲಿರಲಿಲ್ಲ. ಇವರೆಲ್ಲಾ ಸುಮ್ಮನೆ ಸುತ್ತುತ್ತಿದ್ದಾರಲ್ಲ ಎಂಬುದರ ಮೇಲಿತ್ತು. 1844ರ ಕವಿಯ ಸಿಡುಕು 2023ರ ವಾಟ್ಸಾಪಿನಲ್ಲಿ ಕನ್ನಡ ಮಾತಾಡುತ್ತಿತ್ತು. ಆ ಜೋಕುಗಳನ್ನು ಕಳಿಸಿದವರಲ್ಲಿ ತಿಂಗಳಿಗೊಮ್ಮೆ ರೆಸಾರ್ಟಿಗೆ ಹೋಗುವ ಸಹೋದ್ಯೋಗಿಗಳೂ ಇದ್ದರು.

ಹಾಗಂತ ನಾವು ನೆಪಗಳಿಂದ ಬಿಡುಗಡೆ ಪಡೆದಿದ್ದೇವೆಯೇ? ಇಲ್ಲ. ನಮ್ಮ ನೆಪಗಳು ಇಂಗ್ಲಿಷಿನಲ್ಲಿವೆ, ಅಷ್ಟೆ. ಟೀಮ್ ಔಟಿಂಗ್. ಬರ್ನೌಟ್. ವರ್ಕೇಷನ್. ಕೆಲಸ ಇನ್ನೂ ಚೆನ್ನಾಗಿ ಮಾಡಲಿಕ್ಕಾಗಿ ವಿಶ್ರಾಂತಿ ಬೇಕು ಎಂಬ ವಾದ. ರೀಲ್ಸಿಗೆ ಬೇಕಾದ ಜಲಪಾತ. ಇದ್ಯಾವುದೂ ಸಿಗದಿದ್ದರೆ ‘ವರ್ಷದ ಕೊನೆಗೆ ದೊಡ್ಡದಾಗಿ ಹೋಗೋಣ’ ಎಂದು ಮುಂದಕ್ಕೆ ಹಾಕುತ್ತೇವೆ. ಬಾಲಿಗೋ ವಿಯೆಟ್ನಾಮಿಗೋ ದುಡ್ಡು ಕೂಡಿಡುವುದರಲ್ಲಿ ಐವತ್ತೆರಡು ಭಾನುವಾರ ಬಟ್ಟೆ ಒಗೆದು, ಆನ್‌ಲೈನಿನಲ್ಲಿ ಊಟ ತರಿಸಿ ಮುಗಿದಿರುತ್ತವೆ. ಒಂದು ಭಾನುವಾರಕ್ಕಾಗಿ ಆರು ವರ್ಷ ಹೋರಾಡಿದ ಮಿಲ್ ಕಾರ್ಮಿಕರು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ.

ಬೆಂಗಳೂರಿಂದ ಮೈಸೂರಿನ ಕಡೆ ಹೋಗುವ ಬೆಳಗಿನ ರೈಲು ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ಸಾದಾ ಟಿಕೆಟ್ಟಿಗೆ ಮಾಲಿನ ಪಾಪ್‌ಕಾರ್ನಿನಷ್ಟು ದುಡ್ಡೂ ಆಗುವುದಿಲ್ಲ. ಸ್ಟೇಷನ್ನು ಕೋಟೆಗೆ ಅಂಟಿಕೊಂಡೇ ಇದೆ. 2017ರಲ್ಲಿ ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪುವಿನ ಶಸ್ತ್ರಾಗಾರವನ್ನು ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ ಕೂರಿಸಿದರು. ಅದನ್ನು ನೋಡಬಹುದು. ನಡೆದೇ ರಂಗನಾಥನ ಗುಡಿಗೆ ಹೋಗಬಹುದು, ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರಬಹುದು. ಸಂಜೆಯ ರೈಲಿಗೆ ವಾಪಸ್ಸು ಬಂದರೆ ಸೋಮವಾರದ ಸ್ಟ್ಯಾಂಡಪ್ ಮೀಟಿಂಗಿಗೆ ಏನೂ ತೊಂದರೆಯಿಲ್ಲ. ಯಾಕೆ ಹೋಗಿದ್ದೆ ಅಂತ ಅಲ್ಲಿ ಯಾರಾದರೂ ಕೇಳಿದರೆ, “ಸುಮ್ನೆ” ಅನ್ನಿ.