ಕೌದಿಯ ಲೆಕ್ಕ, ಕಂಪ್ಯೂಟರಿನ ಲೆಕ್ಕ

ಕಂಪ್ಯೂಟರಿನಲ್ಲಿ ಕೌದಿ ಬಿಡಿಸುವುದನ್ನು ಕಲಿಯಬಹುದು ಅಂದರೆ ನಮ್ಮ ಇಟ್ಟಿಗಿಯಲ್ಲಿ ನಗುತ್ತಾರೆ. ಕೌದಿಯನ್ನ ಯಾರಾದ್ರೂ ಬಿಡಿಸ್ತಾರೇನು? ಹೊಲೀತಾರೆ! ಆದರೆ ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವವರಿಗೆಂದೇ ತಂತ್ರಾಂಶ ಬಂದು ಮೂವತ್ತು ವರ್ಷ ದಾಟಿತು. ಅದನ್ನು ಕಲಿಸಲು ಪುಸ್ತಕಗಳಿವೆ, ತರಗತಿಗಳಿವೆ. ಅಂಥದ್ದೊಂದನ್ನು ಒಂದಷ್ಟು ದಿನ ಕೂತು ಕಲಿತ ಮೇಲೆ ನನಗೆ ಹತ್ತಿದ ಪ್ರಶ್ನೆ ಒಂದೇ. ಜಗತ್ತಿನ ಸಾವಿರಾರು ನಮೂನೆ ಗೊತ್ತಿರುವ ಈ ತಂತ್ರಾಂಶಕ್ಕೆ ನಮ್ಮ ಕೌದಿ ಯಾಕೆ ಗೊತ್ತಿಲ್ಲ? ಉತ್ತರ ಹುಡುಕುತ್ತಾ ಹೋದರೆ ಇತಿಹಾಸವೇ ಬಿಚ್ಚಿಕೊಂಡಿತು.

(ಇಟ್ಟಿಗಿ ಅಂದ ಕೂಡಲೇ ಕೆಲವರು ಕೊಪ್ಪಳ ಜಿಲ್ಲೆಯ ಇಟಗಿ, ಅಲ್ಲಿನ ಮಹಾದೇವ ದೇವಾಲಯ ಅಂದುಕೊಳ್ಳುತ್ತಾರೆ. ಅದಲ್ಲ. ಇದು ಹಡಗಲಿ ತಾಲ್ಲೂಕಿನ ಇಟ್ಟಿಗಿ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆ.)

ಬಟ್ಟೆಗೂ ಕಂಪ್ಯೂಟರಿಗೂ ಇರುವ ನಂಟು ಮೊನ್ನೆ ಮೊನ್ನೆಯದಲ್ಲ. ನಿಜ ಹೇಳಬೇಕೆಂದರೆ ಮೊದಲು ಪಾಠ ಹೇಳಿದ್ದು ಬಟ್ಟೆಯೇ. 1804ರಲ್ಲಿ ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮರಿ ಜಕಾರ್ಡ್ ತನ್ನ ಮಗ್ಗಕ್ಕೆ ಪೇಟೆಂಟ್ ಪಡೆದ. ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಸಾಲಾಗಿ ಪೋಣಿಸುವುದು. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಇಷ್ಟೇ. ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ನಮ್ಮ ಕಡೆ ರೇಷ್ಮೆ ಸೀರೆ ನೇಯುವವರ ಬಾಯಲ್ಲೂ ಅದು ಇವತ್ತಿಗೂ ‘ಜಕಾರ್ಡ್’ ಅಂತಲೇ ಇದೆ. ಅದೊಬ್ಬ ಮನುಷ್ಯನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತೋ.

1839ರಲ್ಲಿ ಇದೇ ಜಕಾರ್ಡನ ಭಾವಚಿತ್ರವನ್ನು ಸುಮಾರು 24,000 ಕಾರ್ಡು ಬಳಸಿ ರೇಷ್ಮೆಯಲ್ಲಿ ನೇಯ್ದರು. ಅದರ ಒಂದು ಪ್ರತಿಯನ್ನು ತರಿಸಿಕೊಂಡು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದವನು ಚಾರ್ಲ್ಸ್ ಬ್ಯಾಬೇಜ್. ತನ್ನ ಲೆಕ್ಕದ ಯಂತ್ರಕ್ಕೂ ಅದೇ ಕಾರ್ಡು ಹಾಕಬೇಕೆಂದು ಯೋಜಿಸಿದವನು. ಮಗ್ಗ ಹೂವು ಎಲೆ ನೇಯುವಂತೆ ಈ ಯಂತ್ರ ಬೀಜಗಣಿತವನ್ನು ನೇಯುತ್ತದೆ ಎಂಬ ಅರ್ಥದ ಮಾತನ್ನು ಆಡಾ ಲವ್‌ಲೇಸ್ ಬರೆದದ್ದು 1843ರಲ್ಲಿ. ಮುಂದೆ 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹೊಲೆರಿತ್ ತೂತು ಕಾರ್ಡುಗಳಿಂದಲೇ ಎಣಿಸಿದ. ಇದೆಲ್ಲ ಬಹಳ ಕಡೆ ಬಂದ ಕಥೆ, ಹೆಚ್ಚು ಬೆಳೆಸುವುದಿಲ್ಲ.

ಅಷ್ಟಾಗಿ ಬರದ ಕಥೆ ಇನ್ನೊಂದಿದೆ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ‘ಸ್ಕೆಚ್‌ಪ್ಯಾಡ್’ ಎಂಬ ಕಾರ್ಯಕ್ರಮ ಬರೆದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೇ ಗೆರೆ ಎಳೆಯಬಹುದಿತ್ತು. ಇವತ್ತಿನ ಚಿತ್ರ ಬಿಡಿಸುವ ತಂತ್ರಾಂಶಗಳಿಗೆಲ್ಲ ಅದೇ ಮುತ್ತಜ್ಜ. ತನ್ನ ಪ್ರಬಂಧದ ಶುರುವಿನಲ್ಲಿ ಆತ ಕೊಟ್ಟ ಉದಾಹರಣೆ ಏನು ಗೊತ್ತೇ? ಆರು ಮೂಲೆಯ ಒಂದು ಆಕೃತಿ ಬಿಡಿಸಿ, ಅದನ್ನೇ ನಕಲು ಮಾಡಿ ಒಂದಕ್ಕೊಂದು ಜೋಡಿಸಿ ಪರದೆ ತುಂಬಾ ಹರಡುವುದು. ಮೂಲ ಆಕೃತಿಯನ್ನು ತಿದ್ದಿದರೆ ನಕಲುಗಳೆಲ್ಲ ತಾವಾಗಿ ತಿದ್ದಿಕೊಳ್ಳುತ್ತವೆ. ಆರು ಮೂಲೆಯ ಚಿಂದಿಗಳನ್ನು ಹೀಗೇ ಕೂಡಿಸಿ ಇಂಗ್ಲೆಂಡಿನ ಹೆಂಗಸರು ಅದಕ್ಕೂ ಎಷ್ಟೋ ತಲೆಮಾರು ಮೊದಲಿನಿಂದ ಹೊದಿಕೆ ಹೊಲಿಯುತ್ತಿದ್ದರು. ಸದರ್‌ಲ್ಯಾಂಡ್‌ಗೆ ಹೊದಿಕೆ ನೆನಪಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ತುಂಡು ಮಾಡು, ಅದನ್ನೇ ಮರಳಿ ಮರಳಿ ಹಚ್ಚು ಅನ್ನುವ ಯೋಚನೆ ಎರಡೂ ಕಡೆ ಒಂದೇ.

ಹಾಗಾಗಿಯೇ ಅಮೆರಿಕದ ಕ್ವಿಲ್ಟ್ ಕಂಪ್ಯೂಟರಿಗೆ ಸಲೀಸಾಗಿ ಒಗ್ಗಿಕೊಂಡಿತು. ಅಲ್ಲಿನ ಲೆಕ್ಕ ‘ಬ್ಲಾಕ್’ ಅನ್ನುವ ಚೌಕದ್ದು. 1991ರಲ್ಲಿ ಒಹಾಯೋ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಪೆನ್ನಿ ಮೆಕ್‌ಮಾರಿಸ್ ಮತ್ತು ಡೀನ್ ನ್ಯೂಮನ್ ‘ಎಲೆಕ್ಟ್ರಿಕ್ ಕ್ವಿಲ್ಟ್’ ಎಂಬ ತಂತ್ರಾಂಶ ಹೊರತಂದರು. ಆಕೆ ಕ್ವಿಲ್ಟ್ ಇತಿಹಾಸ ಬಲ್ಲವಳು, ಆತ ಗಣಿತದವನು. ಒಳ್ಳೆ ಜೋಡಿ! ಡಾಸ್ ಕಾಲದಲ್ಲಿ ಶುರುವಾಗಿ 2017ರಲ್ಲಿ ಎಂಟನೇ ಆವೃತ್ತಿಗೆ ಬಂತು.

ಕಲಿಯುವುದೇನೂ ಕಷ್ಟವಿಲ್ಲ. ಮೊದಲು ಒಂದು ಬ್ಲಾಕ್ ಬಿಡಿಸುತ್ತೀರಿ. ಅದಕ್ಕೆ ಬಟ್ಟೆ ತುಂಬುತ್ತೀರಿ (ನಿಮ್ಮದೇ ಬಟ್ಟೆಯನ್ನು ಸ್ಕ್ಯಾನ್ ಮಾಡಿ ಹಾಕಲೂಬಹುದು). ಹನ್ನೆರಡು ಅಂಗುಲದ ಬ್ಲಾಕನ್ನು ಅಡ್ಡಕ್ಕೆ ಆರು, ಉದ್ದಕ್ಕೆ ಏಳು ಜೋಡಿಸಿದರೆ 42 ಬ್ಲಾಕು, ಆರಡಿ ಏಳಡಿಯ ಹೊದಿಕೆ ಪರದೆಯ ಮೇಲೆ ಸಿದ್ಧ. ಕೆಂಪು ಬೇಡ ನೀಲಿ ಇರಲಿ ಅಂದರೆ ಒಂದು ಕ್ಲಿಕ್. ಕೊನೆಗೆ ಯಾವ ಬಟ್ಟೆ ಎಷ್ಟು ಗಜ ಕೊಳ್ಳಬೇಕು ಅಂತಲೂ ಅದೇ ಹೇಳುತ್ತದೆ.

ಎಷ್ಟು ಗಜ ಕೊಳ್ಳಬೇಕು! ನನ್ನ ಕೈ ನಿಂತದ್ದು ಅಲ್ಲೇ.

ನಮ್ಮಲ್ಲಿ ಕೌದಿಗೆ ಅಂತ ಯಾರೂ ಬಟ್ಟೆ ಕೊಂಡವರಲ್ಲ. ಹಳೇ ಸೀರೆ, ಅಪ್ಪನ ಧೋತರ, ಹರಿದ ಕುಬಸ, ಮಕ್ಕಳಿಗೆ ಗಿಡ್ಡವಾದ ಅಂಗಿ, ಎಲ್ಲ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತಾರೆ. ಸುಗ್ಗಿ ಮುಗಿದು ಕೈ ಬಿಡುವಾದಾಗ ಗಂಟು ಬಿಚ್ಚುತ್ತಾರೆ. ಗಂಟಿನಲ್ಲಿ ಏನಿದೆಯೋ ಅದೇ ಕೌದಿ. ತಂತ್ರಾಂಶ ಕೇಳುವುದು ‘ಈ ಹೊದಿಕೆಗೆ ಎಷ್ಟು ಬಟ್ಟೆ ಬೇಕು?’, ಅವ್ವ ಕೇಳುವುದು ‘ಇಷ್ಟು ಬಟ್ಟೆಗೆ ಎಂಥ ಹೊದಿಕೆ ಆಗುತ್ತೆ?’ ಪೂರಾ ತಿರುವುಮುರುವು. ಗಣಿತದವರನ್ನು ಕೇಳಿ ನೋಡಿ, ಅಳತೆ ಒಂದೇ ಇಲ್ಲದ ತುಂಡುಗಳನ್ನು ಜಾಗ ಹಾಳಾಗದಂತೆ ಹೊಂದಿಸುವ ಲೆಕ್ಕ ಬಲು ತೊಡಕಿನದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಉದ್ಯಮ ಇದೆಯಲ್ಲ, ಅಂಥ ಕಡೆ ಥಾನಿನ ಮೇಲೆ ಕತ್ತರಿ ಆಡಿಸುವ ಮುಂಚೆ ಮಾಡಬೇಕಾದ ಲೆಕ್ಕವೂ ಇದೇ ಜಾತಿಯದು. ದೊಡ್ಡ ಕಾರ್ಖಾನೆಗಳು ಅದಕ್ಕೆಂದೇ ಬೇರೆ ತಂತ್ರಾಂಶ ಇಟ್ಟುಕೊಂಡಿರುತ್ತವೆ. ನಮ್ಮೂರ ಹೆಂಗಸರು ಕಣ್ಣಳತೆಯಲ್ಲೇ ಮುಗಿಸುತ್ತಾರೆ.

ಇಟ್ಟಿಗಿಯ ಮನೆಯ ಒಂದು ಕೌದಿಯ ಫೋಟೊ ಎದುರಿಗಿಟ್ಟುಕೊಂಡು ತಂತ್ರಾಂಶದಲ್ಲಿ ಬಿಡಿಸಲು ಕೂತೆ. ಒಂದು ತುಂಡಿನ ಅಳತೆ ಇನ್ನೊಂದಕ್ಕಿಲ್ಲ. ನಕಲು ಮಾಡಲು ಏನೂ ಸಿಗಲಿಲ್ಲ, ಒಂದೊಂದನ್ನೂ ಬೇರೆಯಾಗಿಯೇ ಎಳೆಯಬೇಕಾಯಿತು. ಒಂದು ಕಡೆ ಇಳಕಲ್ ಸೀರೆಯ ಸೆರಗು, ಅದರ ಮೇಲೆ ತೂತು ಮುಚ್ಚಲು ನಾಲ್ಕು ವರ್ಷದ ನಂತರ ಹಚ್ಚಿದ ಲುಂಗಿಯ ತುಂಡು. ಇದನ್ನು ಯಾವ ಬ್ಲಾಕ್ ಅನ್ನೋಣ? ಅಮೆರಿಕದ ಹೊದಿಕೆ ಒಂದು ದಿನ ಮುಗಿಯುತ್ತದೆ; ಕೌದಿ ಹರಿದಂತೆಲ್ಲ ಬೆಳೆಯುತ್ತಾ ಹೋಗುತ್ತದೆ.

ಇದು ನಮ್ಮೊಬ್ಬರದೇ ರೀತಿ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ‘ಕವಂದ್’ ಕೂಡ ಹೀಗೇ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ‘ಫೂಲ’ ಹಚ್ಚದಿದ್ದರೆ ಕವಂದ್ ಪೂರ್ತಿಯಾಗಲಿಲ್ಲ ಅಂತ ಲೆಕ್ಕ. ಅಮೆರಿಕದ ಹೆನ್ರಿ ಡ್ರೂಯಲ್ ಎಂಬ ಕಲಾ ಇತಿಹಾಸಕಾರರು ಅವುಗಳ ಅಧ್ಯಯನ ಮಾಡಿ, ಅಲ್ಲಿ ಪ್ರದರ್ಶನಕ್ಕೂ ಒಯ್ದರು. ಅಮೆರಿಕದ್ದೇ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದ ಕೆಲಸದ ಹಳೇ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು, 2006ರಲ್ಲಿ ಅಂಚೆ ಚೀಟಿಯಾದವು.

ನಮ್ಮ ಪಕ್ಕದ ಉದಾಹರಣೆಯೇ ಇದೆ. ಸಂಡೂರಿನ ಕುಶಲ ಕಲಾ ಕೇಂದ್ರದಿಂದಾಗಿ ಅಲ್ಲಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ತುಂಡು ಬಟ್ಟೆ ಜೋಡಿಸಿ ಮಾಡಿದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆಯೂ ಆಯಿತು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ತಾಂಡಾಗಳಲ್ಲೂ ಇದೇ ಸೂಜಿ, ಇದೇ ಕೈ. ಸಂತೋಷವೇ. ಆದರೆ ಲಂಬಾಣಿ ಕಸೂತಿಗೆ ಹೊಲಿಗೆಗಳ ಹೆಸರಿವೆ, ದಾಖಲೆ ಇದೆ, ಕೇಂದ್ರ ಇದೆ. ಮನೆಮನೆಯ ಕೌದಿಗೆ ಅದ್ಯಾವುದೂ ಇಲ್ಲ.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತೆ. ಎಲೆಕ್ಟ್ರಿಕ್ ಕ್ವಿಲ್ಟ್‌ನವರ ನಮೂನೆಗಳ ಭಂಡಾರ ಗಾಳಿಯಿಂದ ಇಳಿದದ್ದಲ್ಲ. ಬಾರ್ಬರಾ ಬ್ರಾಕ್‌ಮನ್ ಎಂಬಾಕೆ ವರ್ಷಗಟ್ಟಲೆ ಕೂತು ಹಳೇ ಪತ್ರಿಕೆ, ಕ್ಯಾಟಲಾಗು ಜಾಲಾಡಿ ನಾಲ್ಕು ಸಾವಿರಕ್ಕೂ ಹೆಚ್ಚು ನಮೂನೆಗಳನ್ನು ಹೆಸರು ಸಮೇತ ಪಟ್ಟಿ ಮಾಡಿದ್ದಳು. 1993ರಲ್ಲಿ ಅದು ದೊಡ್ಡ ಪುಸ್ತಕವಾಗಿ ಬಂತು. ತಂತ್ರಾಂಶದವರು ಅದನ್ನೇ ಕಂಪ್ಯೂಟರಿಗೆ ತುಂಬಿದರು. ಅವಳಿಗೂ ಹಿಂದೆ ‘ಕನ್ಸಾಸ್ ಸಿಟಿ ಸ್ಟಾರ್’ ಎಂಬ ಪತ್ರಿಕೆ 1928ರಿಂದ 1961ರವರೆಗೆ ನಮೂನೆಗಳನ್ನು ಪ್ರಕಟಿಸುತ್ತಾ ಬಂದಿತ್ತು, ಓದುಗರೇ ಕಳಿಸಿಕೊಟ್ಟವೂ ಅದರಲ್ಲಿದ್ದವು. ಅಂದರೆ ಮೊದಲು ಪಟ್ಟಿ, ಆಮೇಲೆ ಪುಸ್ತಕ, ಕೊನೆಗೆ ಕಂಪ್ಯೂಟರು.

ನಮ್ಮಲ್ಲಿ ಪಟ್ಟಿಯೇ ಆಗಿಲ್ಲ, ಹೊಲಿಯುವ ಕೈಗಳೋ ಕಮ್ಮಿಯಾಗುತ್ತಿವೆ. ಸೀರೆಗಳು ಪಾಲಿಯೆಸ್ಟರ್ ಆದವು. ಆ ಬಟ್ಟೆ ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಗೆ ಜಾರುತ್ತದೆ. ಸಂತೆಯಲ್ಲಿ ಅಗ್ಗದ ರಗ್ಗು ಸಿಗುವಾಗ ತಿಂಗಳುಗಟ್ಟಲೆ ಬೆನ್ನು ಬಗ್ಗಿಸು ಅಂತ ಸೊಸೆಗೆ ಹೇಳುವವರಾರು? ಹೇಳಲೂಬಾರದು ಬಿಡಿ. ಬಾಣಂತನಕ್ಕೆ ಬಂದ ಮಗಳ ಕೂಸಿಗೆ ತೊಟ್ಟಿಲಿಗೆ ಹಾಸುವ ಚಿಕ್ಕ ಕೌದಿಯೊಂದು ಇನ್ನೂ ಉಳಿದಿದೆ.

ಬೇಕಾಗಿರುವುದು ಬಹಳವಲ್ಲ. ಕೌದಿಯ ಎರಡೂ ಮಗ್ಗುಲಿನ ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ಟೇಪು. ಯಾರು ಹೊಲಿದದ್ದು, ಯಾವ ಊರು, ಯಾವ ವರ್ಷ, ಯಾವ ತುಂಡು ಯಾರ ಸೀರೆಯದು, ಹೊಲಿಗೆ ಯಾವ ಕಡೆಯಿಂದ ಶುರುವಾಯಿತು, ಆಯಾ ತುಂಡಿಗೆ ಆ ಅಜ್ಜಿ ಕರೆಯುವ ಹೆಸರೇನು. ಹೆಸರನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಬೇಕು, ನಾವು ತಿದ್ದಬಾರದು. ಯೂನಿಕೋಡ್ ಇರುವುದರಿಂದ ಹಡಗಲಿಯಲ್ಲಿ ಬರೆದದ್ದು ಹಾಲೆಂಡಿನಲ್ಲಿ ಹುಡುಕಿದರೂ ಸಿಗುತ್ತದೆ.

ಮಹಾನವಮಿ ಘಟ್ಟಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹಳ್ಳದ ದಂಡೆ, ಕೆರೆ ಏರಿ, ಮಾಳಿಗೆ, ಎಲ್ಲೆಲ್ಲೂ ಕೌದಿ ಹರವಿರುತ್ತಾರೆ. ವರ್ಷದಲ್ಲಿ ಅಷ್ಟೂ ಕೌದಿಗಳು ಬಿಸಿಲಿಗೆ ಬರುವುದು ಆ ನಾಲ್ಕೈದು ದಿನ ಮಾತ್ರ. ಊರಿಗೆ ಹೋಗುವವರು ಕ್ಯಾಮೆರಾ ಜೊತೆಗೆ ಒಂದು ಅಳತೆ ಟೇಪನ್ನೂ ಚೀಲಕ್ಕೆ ಹಾಕಿಕೊಳ್ಳಿ.